ಆಟಿಯ ಮಳೆಯಲ್ಲಿ ಸೌರಫಲಕ ನೋಡಲು ಹೋದದ್ದು

ಡಿಸೆಂಬರ್ ತಿಂಗಳ ಒಂದು ದಿನ, ಮಧ್ಯಾಹ್ನ ಮೂರು ಗಂಟೆ ಕಳೆದಿತ್ತು. ಮನೆಯ ಮಾಡಿನ ಮೇಲೆ ಹೊಸದಾಗಿ ಕೂರಿಸಿದ ಆರು ಸೌರಫಲಕಗಳಲ್ಲಿ ಎರಡರ ಮೇಲೆ ತೆಂಗಿನ ಮರದ ನೆರಳು ಅಡ್ಡಲಾಗಿ ಬಿದ್ದಿತ್ತು. ಜಾಗ ಗೊತ್ತು ಮಾಡಿದ್ದು ಏಪ್ರಿಲ್ ಕೊನೆಯಲ್ಲಿ. ಆಗ ನಮ್ಮ ಕಾಸರಗೋಡಿನಲ್ಲಿ ನಡು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ ವಾಲಿದಾಗ ಅಂಗಳದ ನೈಋತ್ಯ ಮೂಲೆಯ ತೆಂಗಿನ ನೆರಳು ಉದ್ದವಾಗಿ ಚಾಚಿ ಮಾಡಿನವರೆಗೆ ಬರುತ್ತದೆ ಎಂಬುದು ಫಲಕ ಕೂರಿಸಿದವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಎಲ್ಲ ಫಲಕಗಳನ್ನೂ ಒಂದೇ ಸಾಲಿನಲ್ಲಿ ಜೋಡಿಸಿದ್ದರು. ಹಾಗಾಗಿ ಎರಡಕ್ಕೆ ನೆರಳಾದರೆ ಏಟು ಬೀಳುವುದು ಇಡೀ ಸಾಲಿನ ಉತ್ಪಾದನೆಗೆ.

ಅದಕ್ಕೂ ಮೊದಲು ಎರಡು ವರ್ಷ ನಾನು ತಿರುಗಾಡಿ ನೋಡಿದ್ದೆ. ಪೈವಳಿಕೆಯ ಸೌರ ಪಾರ್ಕ್, ಏತಡ್ಕದಲ್ಲಿ ಹಳ್ಳಕ್ಕೆ ಅಡ್ಡ ಹಾಕುವ ಕಟ್ಟಗಳು, ಬಾಯಾರಿನಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳು, ಇಬ್ಬರು ನೆಂಟರ ಮನೆಯ ಗೋಬರ್ ಗ್ಯಾಸ್. ಎಲ್ಲ ಕಡೆಗೂ ಹೋದದ್ದು ಬಿಸಿಲಿರುವ, ತೋಟದ ಕೆಲಸ ಕಡಿಮೆಯಿರುವ ದಿನಗಳಲ್ಲಿ. ಎಲ್ಲವೂ ಚೆನ್ನಾಗಿಯೇ ಕಂಡಿತ್ತು. ಮಾಡಿನ ಮೇಲಿನ ಆ ನೆರಳನ್ನು ನೋಡಿದ ಮೇಲೆ, ನೋಡಿದ ಜಾಗಗಳನ್ನೇ ಇನ್ನೊಮ್ಮೆ ಅವುಗಳ ಕಷ್ಟದ ತಿಂಗಳಿನಲ್ಲಿ ನೋಡಬೇಕೆಂದು ನಿಶ್ಚಯಿಸಿದೆ.

ಪೈವಳಿಕೆಗೆ ಎರಡನೆಯ ಸಲ ಹೋದದ್ದು ಆಟಿಯಲ್ಲಿ, ಎಂದರೆ ಜುಲೈ-ಆಗಸ್ಟ್‌ನ ಮಳೆಯ ತಿಂಗಳಿನಲ್ಲಿ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ ಸುಮಾರು 250 ಎಕರೆಗೆ ಹರಡಿರುವ 50 ಮೆಗಾವ್ಯಾಟ್‌ನ ಈ ಸ್ಥಾವರ ಉದ್ಘಾಟನೆಯಾದದ್ದು 2021ರ ಫೆಬ್ರವರಿಯಲ್ಲಿ. ಬೇಸಿಗೆಯಲ್ಲಿ ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದ ಫಲಕಗಳ ಸಾಲುಗಳು ಈಗ ಮಂಜಿನಲ್ಲಿ ಅರ್ಧ ಮರೆಯಾಗಿದ್ದವು. ಬೇಲಿಯ ಹೊರಗೆ ಕೊಡೆ ಹಿಡಿದು ನಿಂತಿದ್ದಾಗ, ಹುಲ್ಲು ಕತ್ತರಿಸುವ ಕೆಲಸ ಮುಗಿಸಿ ಬರುತ್ತಿದ್ದ ಒಬ್ಬರು ಸಿಕ್ಕಿದರು. ಮಳೆಗಾಲದಲ್ಲಿ ಹುಲ್ಲು ಎಷ್ಟು ಬೇಗ ಏರುತ್ತದೆ, ಕತ್ತರಿಸದಿದ್ದರೆ ಫಲಕದ ಕೆಳ ಅಂಚನ್ನು ಹೇಗೆ ಮುಚ್ಚುತ್ತದೆ ಎಂದು ತುಳುವಿನಲ್ಲಿ ವಿವರಿಸಿದರು. ಮನೆಗೆ ಬಂದವನೇ ಏಣಿ ಹಾಕಿ ಹತ್ತಿ ನೋಡಿದೆ. ನಮ್ಮ ಫಲಕಗಳ ಕೆಳ ಅಂಚಿನಲ್ಲೂ ಪಾಚಿ ಹಸಿರಾಗಿ ಕಟ್ಟಿಕೊಂಡಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಸ್ಥಾವರವಿರುವಂಥ ಮುರಕಲ್ಲಿನ ಪದವುಗಳನ್ನು, ಎಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಬಯಲುಗುಡ್ಡಗಳನ್ನು, ಬಂಜರು ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ, ಅಂಗೈಯಗಲದ ಮಣ್ಣಿನಲ್ಲಿ ನೀಲಿ ಹೂಗಳು ಅರಳುತ್ತವೆ. ಅಲ್ಲಿ ಇಂಗುವ ನೀರೇ ಗುಡ್ಡದ ಬುಡದ ಸುರಂಗಗಳಿಗೆ ಒಸರಾಗಿ ಇಳಿಯುತ್ತದೆ. ಬಾಯಾರಿನಲ್ಲಿ ನಾನು ನೋಡಿದ ಸುರಂಗ ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ. ಒಳಗಿನಿಂದ ನೀರು ತಾನಾಗಿ ಹರಿದು ಬರುತ್ತದೆ, ಪಂಪು ಬೇಡ, ವಿದ್ಯುತ್ ಬೇಡ. ಸೌರಶಕ್ತಿ ನಮಗೆ ಬೇಕು, ಆದರೆ ಮೊದಲು ಮಾಡುಗಳ ಮೇಲೆ ಬರಲಿ, ಪದವು ಆಮೇಲೆ.

ನಾನು ಅತಿ ಹೆಚ್ಚು ಕಲಿತದ್ದು ಏತಡ್ಕದಲ್ಲಿ. ಮಳೆ ನಿಂತು ತೋಡಿನ, ಎಂದರೆ ಸಣ್ಣ ಹಳ್ಳದ, ಹರಿವು ತಗ್ಗಿದ ಮೇಲೆ ಕಲ್ಲು, ಮಣ್ಣು, ಈಚೆಗೆ ಪ್ಲಾಸ್ಟಿಕ್ ಶೀಟು ಸೇರಿಸಿ ಕಟ್ಟುವ ತಾತ್ಕಾಲಿಕ ಅಡ್ಡಗಟ್ಟೆಯೇ ಕಟ್ಟ. ಮುಂದಿನ ಮಳೆಗಾಲಕ್ಕೆ ಅದನ್ನು ಬಿಡಿಸಬೇಕು, ಮರುವರ್ಷ ಮತ್ತೆ ಕಟ್ಟಬೇಕು. ಒಂದು ದಿನ ಕಟ್ಟ ಕಟ್ಟುತ್ತಿದ್ದ ಊರವರ ಜೊತೆ ನಾನೂ ಕಲ್ಲು ಹೊತ್ತೆ. ಸಂಜೆಗೆ ನೀರು ಏರಿತು, ಆದರೆ ಎಲ್ಲೋ ಸೋರುತ್ತಿತ್ತು. ಗುಂಪಿನಲ್ಲಿದ್ದ ಹಿರಿಯರೊಬ್ಬರು ಒಂದು ಹಿಡಿ ಕೆಂಪು ಮಣ್ಣನ್ನು ಕಟ್ಟದ ಮೇಲ್ಬದಿಯ ನೀರಿನಲ್ಲಿ ಮೆಲ್ಲನೆ ಕಲಕಿದರು. ಕೆಂಪು ಬಣ್ಣ ಸ್ವಲ್ಪ ಹೊತ್ತು ಸುಮ್ಮನೆ ತೇಲಿತು, ಆಮೇಲೆ ದಾರದಂತೆ ಸಣ್ಣಗಾಗಿ ಬಲಬದಿಯ ದಂಡೆಯತ್ತ ಎಳೆದುಕೊಂಡು ಹೋಯಿತು. ಅಲ್ಲಿ ಏಡಿಯ ಬಿಲವಿತ್ತು.

"ಇದನ್ನು ಇವತ್ತು ಮುಚ್ಚಿದರೆ ನಾಳೆ ಇನ್ನೊಂದು ಕೊರೆಯುತ್ತದೆ ಅಣ್ಣ. ವಾರಕ್ಕೊಮ್ಮೆ ಬಂದು ನೋಡುವವರಿದ್ದರೆ ಮಾತ್ರ ಕಟ್ಟ ಕಟ್ಟಬೇಕು" ಎಂದರು.

ಏಪ್ರಿಲ್ ಕೊನೆಗೆ ಅದೇ ಜಾಗಕ್ಕೆ ಮತ್ತೆ ಹೋದೆ. ಕಟ್ಟದಲ್ಲಿ ನೀರು ಮೊಣಕಾಲಿಗೂ ಇರಲಿಲ್ಲ. ಮೊದಲ ನೋಟಕ್ಕೆ ಮನಸ್ಸು ಸಣ್ಣದಾಯಿತು. ಆದರೆ ತೋಡಿನ ಬದಿಯ ತೋಟದ ಬಾವಿಗೆ ಬಗ್ಗಿ ನೋಡಿದರೆ ನೀರು ಕೈಗೆಟುಕುವಂತಿತ್ತು. ಕಟ್ಟದ ನೀರು ಖಾಲಿಯಾಗಿರಲಿಲ್ಲ, ನೆಲದೊಳಗೆ ಸೇರಿತ್ತು. ಒಂದರ ಕೆಳಗೆ ಒಂದರಂತೆ ಕಟ್ಟಗಳಿದ್ದರೆ ಮೇಲಿನದರಿಂದ ಸೋರಿದ್ದು ಕೆಳಗಿನದರಲ್ಲಿ ನಿಲ್ಲುತ್ತದೆ ಎಂಬುದೂ ಅಲ್ಲೇ ಅರ್ಥವಾಯಿತು.

ದೂರದ ಪ್ರಯಾಣವೆಂದು ಮಾಡಿದ್ದು ಒಂದೇ, ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳಯಂ ಬಳಿಯ ಓಡಂತುರೈ ಪಂಚಾಯತಿಗೆ. 2006ರಲ್ಲಿ ಬ್ಯಾಂಕಿನಿಂದ ಸಾಲ ಮಾಡಿ, ಸುಮಾರು ಒಂದೂವರೆ ಕೋಟಿ ರೂಪಾಯಿಗೆ 350 ಕಿಲೋವ್ಯಾಟ್‌ನ ಗಾಳಿಯಂತ್ರ ಕೊಂಡ ಪಂಚಾಯತಿ ಅದು. ಯಂತ್ರ ಇರುವುದು ಊರಿನಲ್ಲಲ್ಲ, ಗಾಳಿ ಬಲವಾಗಿರುವ ಉಡುಮಲೈಪೇಟೆಯ ಕಡೆ. ಹೋದದ್ದು ಜುಲೈಯಲ್ಲಿ. ಕಾಸರಗೋಡಿನಲ್ಲಿ ರೈಲು ಹತ್ತುವಾಗ ಸುರಿಯುತ್ತಿದ್ದ ಮಳೆ ಪಾಲಕ್ಕಾಡು ದಾಟುವಾಗ ಇರಲಿಲ್ಲ, ಗಾಳಿ ಮಾತ್ರ ಕಿಟಕಿಯಲ್ಲಿ ಭೋರ್ಗರೆಯುತ್ತಿತ್ತು. ನಮಗೆ ಮಳೆ ತರುವ ನೈಋತ್ಯ ಮಾರುತವೇ ಪಾಲಕ್ಕಾಡಿನ ಕಣಿವೆಯೊಳಗೆ ನುಗ್ಗಿ ಆ ಬಯಲಿನ ಗಾಳಿಯಂತ್ರಗಳನ್ನು ತಿರುಗಿಸುತ್ತದೆ. ನನ್ನ ಮಾಡಿನ ಫಲಕಗಳು ಸೋತಿರುವ ತಿಂಗಳಿನಲ್ಲೇ ಅವು ದುಡಿಯುತ್ತವೆ. ಅದನ್ನು ಕಣ್ಣಾರೆ ಕಂಡಾಗ ಆದ ಸಂತೋಷ ದೊಡ್ಡದು.

ಊರಿಗೆ ಬಂದು ಹಳೆಯ ಡೈರಿಯಲ್ಲಿ ಹನ್ನೆರಡು ತಿಂಗಳುಗಳನ್ನು ಬರೆದು, ಯಾವ ತಿಂಗಳಿಗೆ ಯಾವುದು ಆಸರೆ ಎಂದು ಲೆಕ್ಕ ಹಾಕಿದೆ. ನಮ್ಮದು ಮೂರು ಕಿಲೋವ್ಯಾಟ್. ಕೇಂದ್ರದ ಯೋಜನೆಯಲ್ಲಿ ಅದಕ್ಕೆ 78,000 ರೂಪಾಯಿ ಸಹಾಯಧನ ಸಿಕ್ಕಿತು. ಮಾರ್ಚ್‌ನಲ್ಲಿ ದಿನಕ್ಕೆ ಹನ್ನೆರಡು ಹದಿಮೂರು ಯೂನಿಟ್ ಬರುತ್ತದೆ, ಅಡಿಕೆಗೆ ನೀರು ಬಿಡುವ ಕಾಲವೂ ಅದೇ. ಆಟಿಯಲ್ಲಿ ಬಿಡದೆ ಮಳೆ ಹೊಡೆದರೆ ಮೂರು ಯೂನಿಟ್ ಬಂದರೆ ಹೆಚ್ಚು, ಆದರೆ ಆಗ ಪಂಪಿಗೆ ಕೆಲಸವಿಲ್ಲ. ಮಳೆಗಾಲದಲ್ಲಿ ಕಟ್ಟಿಗೆ ಒದ್ದೆ, ಅಡುಗೆಗೆ ಹಟ್ಟಿಯ ನಾಲ್ಕು ದನಗಳ ಸಗಣಿಯಿಂದ ನಡೆಯುವ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಇದೆ. ಸಗಣಿಗೆ ಸಮ ಪ್ರಮಾಣದ ನೀರು ಬೆರೆಸಿ ಹಾಕಿದರೆ ಸಾಕು, ಹೊರಬರುವ ಸ್ಲರಿ ಅಡಿಕೆ ಬುಡಕ್ಕೆ. ಹೊಸದಾಗಿ ಹಾಕಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೌರ ವ್ಯವಸ್ಥೆ, ಕರೆಂಟು ಹೋದರೆ ಬಿಸಿಲಿದ್ದರೂ ನಿಲ್ಲುತ್ತದೆ. ಕಂಬದಲ್ಲಿ ದುರಸ್ತಿ ಮಾಡುವವರ ಜೀವಕ್ಕೆ ಅಪಾಯವಾಗಬಾರದೆಂದು ಹಾಗೆ ಮಾಡಿರುತ್ತಾರೆ.

ತೆಂಗಿನ ಮರವನ್ನು ಕಡಿಯಲಿಲ್ಲ. ಅದು ನನ್ನ ತಾಯಿ ನೆಟ್ಟದ್ದು. ನೆರಳು ಬೀಳುತ್ತಿದ್ದ ಎರಡು ಫಲಕಗಳನ್ನು ಬಿಚ್ಚಿ ಹಟ್ಟಿಯ ಮಾಡಿಗೆ ಸಾಗಿಸಿದೆವು. ಹಾಗೆ ಮಾಡುವ ಮೊದಲು ಒಂದು ಡಿಸೆಂಬರ್ ದಿನವಿಡೀ, ಗಂಟೆಗೊಮ್ಮೆ, ಹಟ್ಟಿಯ ಮಾಡಿನ ಮೇಲೆ ಸೀಮೆಸುಣ್ಣದಿಂದ ನೆರಳಿನ ಗಡಿ ಗುರುತಿಸಿದ್ದೆ.

ನಮ್ಮ ತೋಡಿನಲ್ಲಿ ಈಗ ಎರಡು ಕಟ್ಟಗಳಿವೆ. ಬರುವ ಡಿಸೆಂಬರಿಗೆ ಕೆಳಗಿನ ಮನೆಯವರು ಮೂರನೆಯದಕ್ಕೆ ಒಪ್ಪಿದ್ದಾರೆ. ಶೀಟು ಅವರದು, ಕಲ್ಲು ನಮ್ಮದು, ವಾರಕ್ಕೊಮ್ಮೆ ಏಡಿಯ ಬಿಲ ಹುಡುಕುವ ಸರದಿ ಮೂರೂ ಮನೆಯವರದು.