ಅಜ್ಜನ ಕೂಲಿ ಚೀಟಿ ಹುಡುಕುವುದು ಹೇಗೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಹೋಸೆಯಿಂದ ಕಾರಿನಲ್ಲಿ ಒಂದು ಗಂಟೆ ದಕ್ಷಿಣಕ್ಕೆ ಹೋದರೆ ಸಲೀನಾಸ್ ಕಣಿವೆ. ಕಣ್ಣು ಹಾಯಿಸಿದಷ್ಟೂ ಲೆಟ್ಯೂಸ್ ಹೊಲ. ಅಲ್ಲಿನ ಮೆಕ್ಸಿಕನ್ ಮನೆಗಳಲ್ಲಿ 'ನಮ್ಮಜ್ಜ ಬ್ರಸೇರೊ ಆಗಿದ್ದ' ಅನ್ನೋ ಮಾತು ಆಗಾಗ ಕೇಳಿಬರುತ್ತದೆ. ಸ್ಪ್ಯಾನಿಷ್‌ನಲ್ಲಿ ಬ್ರಾಸೊ ಅಂದರೆ ತೋಳು. ರಟ್ಟೆ ನಂಬಿ ಬಂದವನು ಬ್ರಸೇರೊ. ಅಮೆರಿಕ, ಮೆಕ್ಸಿಕೊ ಎರಡು ಸರ್ಕಾರಗಳ ಒಪ್ಪಂದದಡಿ 1942ರಿಂದ 1964ರವರೆಗೆ ಇಂಥ ಕೂಲಿಯವರ ಸುಮಾರು 46 ಲಕ್ಷ ಕಾಂಟ್ರಾಕ್ಟ್ ಆದವು. ಮೊದಲ ವರ್ಷಗಳಲ್ಲಿ ಕೂಲಿಯಲ್ಲಿ ನೂರಕ್ಕೆ ಹತ್ತು ಹಿಡಿದಿಟ್ಟು, 'ಊರಿಗೆ ವಾಪಸ್ ಹೋದ ಮೇಲೆ ಸಿಗುತ್ತದೆ' ಅಂದಿದ್ದರು. ಆ ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ ಹೋಯಿತು. ಬಹಳ ಜನರ ಕೈಗೆ ಮಾತ್ರ ಬರಲೇ ಇಲ್ಲ.

2005ರಲ್ಲಿ ಮೆಕ್ಸಿಕೊ ಕಾನೂನು ಮಾಡಿ ತಲಾ 38,000 ಪೆಸೊ ಕೊಡಲು ಒಂದು ನಿಧಿ ಇಟ್ಟಿತು. 2008ರಲ್ಲಿ ಅಮೆರಿಕದ ಕೋರ್ಟಿನಲ್ಲಿ ರಾಜಿಯಾಗಿ, ಇಲ್ಲಿದ್ದವರೂ ಅರ್ಜಿ ಹಾಕುವಂತಾಯಿತು. 2020ರಲ್ಲಿ ಆ ನಿಧಿಯನ್ನೇ ಮುಚ್ಚಿದರು. ಮತ್ತೆ ಈಗ್ಯಾಕೆ ಹುಡುಕೋದು ಅಂತೀರಾ? ಬಾಕಿ ಕೊಡಿ ಅಂತ ಮಕ್ಕಳು, ಮೊಮ್ಮಕ್ಕಳು ಇನ್ನೂ ಕೇಳುತ್ತಲೇ ಇದ್ದಾರೆ. ಅರ್ಜಿ ಕರೆದಾಗೆಲ್ಲ ಹೊರಗೆ ಉಳಿದವರು ಕಾಗದ ಇಲ್ಲದವರು. ಕರೆದ ಮೇಲೆ ಹುಡುಕಲು ಕೂತರೆ ತಡವಾಗುತ್ತದೆ. ಕೆಲವು ಕುಟುಂಬಗಳ ಜೊತೆ ಕೂತು ಹುಡುಕಿದ್ದೇನೆ. ಎಲ್ಲರೂ ಎಡವೋದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ.

ಮೊದಲು: ವರ್ಷ ಕೇಳಬೇಡಿ, ಬೆಳೆ ಕೇಳಿ

'ಯಾವ ವರ್ಷ ಬಂದಿದ್ರಿ?' ಅಂದರೆ ತಲೆ ಕೆರೆದುಕೊಳ್ಳುತ್ತಾರೆ. 'ಏನು ಕಿತ್ತಿರಿ?' ಅಂದರೆ ಥಟ್ಟನೆ ಉತ್ತರ ಬರುತ್ತದೆ. ಬೀಟ್, ಹತ್ತಿ, ಟೊಮೆಟೊ. ಬೆಳೆ ಸಿಕ್ಕರೆ ಊರು ಸಿಗುತ್ತದೆ, ತಿಂಗಳೂ ಸಿಗುತ್ತದೆ. ಒಂದು ಪರೀಕ್ಷೆ ನೆನಪಿಡಿ. ಯುದ್ಧದ ವರ್ಷಗಳಲ್ಲಿ ಮೆಕ್ಸಿಕೊ ಟೆಕ್ಸಸ್‌ಗೆ ಬ್ರಸೇರೊಗಳನ್ನು ಕಳಿಸುತ್ತಿರಲಿಲ್ಲ. ಅಲ್ಲಿ ಮೆಕ್ಸಿಕನ್ನರನ್ನು ಕೀಳಾಗಿ ಕಾಣುತ್ತಾರೆ ಅಂತ. ಯಾರಾದರೂ '1944ರಲ್ಲಿ ಟೆಕ್ಸಸ್‌ನಲ್ಲಿ ಹತ್ತಿ ಬಿಡಿಸಿದೆ' ಅಂದರೆ ವರ್ಷ ತಪ್ಪಿರಬೇಕು, ಇಲ್ಲಾ ಅವರು ಕಾಂಟ್ರಾಕ್ಟ್ ಇಲ್ಲದೆ ಹೋಗಿರಬೇಕು.

ಎರಡು: ಟ್ರಂಕು

ಕಾಂಟ್ರಾಕ್ಟ್, ಕೂಲಿ ಚೀಟಿ, ಫೋಟೊ ಇರುವ 'ಮಿಕಾ' ಅನ್ನೋ ಗುರುತಿನ ಕಾರ್ಡು. ಇವು ಮೂರು ಮುಖ್ಯ. ಹಿಂಭಾಗವನ್ನೂ ನೋಡಿ. ಮಾಲೀಕರ ಜಾಗದಲ್ಲಿ ಹೊಲದ ಸಾಹುಕಾರನ ಹೆಸರಿನ ಬದಲು ಬೆಳೆಗಾರರ ಸಂಘದ ಹೆಸರಿದ್ದರೆ ಗಾಬರಿ ಬೇಡ. ಎಷ್ಟೋ ಕಾಂಟ್ರಾಕ್ಟ್ ಹಾಗೇ ಇರುತ್ತಿದ್ದವು. ಹುಡುಕಬೇಕಾದ್ದೂ ಆ ಸಂಘವನ್ನೇ.

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ! ನಮ್ಮ ಕಡೆ ರೇಷನ್ ಕಾರ್ಡಿಗೆ ಮಾಡಿಸಿದಂತೆ ಒಬ್ಬರು ಕೂಲಿ ಚೀಟಿಗೆ ಮಾಡಿಸಿಕೊಂಡು ಬಂದಿದ್ದರು. ನಂಬರಿನ ಮೇಲೇ ಗುಳ್ಳೆ ಎದ್ದಿತ್ತು. ಸೆಲ್ಲೊ ಟೇಪಂತೂ ಮುಟ್ಟಲೇಬಾರದು. ಹಳದಿಯಾಗಿ ಅಕ್ಷರವನ್ನೇ ಎಳೆದುಕೊಂಡು ಬರುತ್ತದೆ. ಫೋನಿನ ಸ್ಕ್ಯಾನರ್ ಆ್ಯಪ್‌ಗಳೂ ನನಗಾಗಲ್ಲ, ಕಪ್ಪು ಬಿಳುಪು ಮಾಡಿ ಮಸುಕಾದ ಸೀಲನ್ನು ಅಳಿಸಿಬಿಡುತ್ತವೆ. ಕಿಟಕಿ ಬೆಳಕಿನಲ್ಲಿ ಸಾದಾ ಕಲರ್ ಫೋಟೊ ಸಾಕು.

ಮೂರು: ಹೆಸರು

ಕೆಲಸ ಕೆಡೋದು ಇಲ್ಲೇ. ಮೆಕ್ಸಿಕೊದಲ್ಲಿ ಒಬ್ಬರಿಗೆ ಎರಡು ಮನೆತನದ ಹೆಸರು. ಮೊದಲು ಅಪ್ಪನದು, ಆಮೇಲೆ ಅಮ್ಮನದು. ಹೋಸೆ ಲೂಯಿಸ್ ಗಾರ್ಸಿಯಾ ಹಿಮೆನೆಸ್ ಅನ್ನೋ ಒಬ್ಬ ಇದ್ದಾನೆ ಅಂದುಕೊಳ್ಳಿ. ಅವನ ಊರಲ್ಲಿ ಅವನು ಗಾರ್ಸಿಯಾ. ಗಡಿಯಲ್ಲಿ ಕೂತ ಅಮೆರಿಕದ ಗುಮಾಸ್ತನಿಗೆ ಕೊನೆಯ ಪದವೇ ಸರ್‌ನೇಮ್. ಹಾಗಾಗಿ ಕಾರ್ಡು ಹಿಮೆನೆಸ್ ಹೆಸರಿನ ಡ್ರಾಯರಿಗೆ ಹೋಯಿತು. ಮೊಮ್ಮಕ್ಕಳು ಗಾರ್ಸಿಯಾ ಅಂತ ಹುಡುಕಿ 'ಏನೂ ಇಲ್ಲ' ಅಂತ ಎದ್ದು ಬರುತ್ತಾರೆ. ಕಾರ್ಡು ಅಲ್ಲೇ ಇರುತ್ತದೆ.

ನಮಗಿದು ಹೊಸದಲ್ಲ ಅಲ್ವಾ? ನನ್ನ ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಊರ ಹೆಸರಿದೆ. ಇಲ್ಲಿನ ಡಾಕ್ಟರು ನನ್ನನ್ನು ಇಡೀ ಊರಿನ ಪರವಾಗಿ ಒಳಗೆ ಕರೆಯುತ್ತಾರೆ.

ಇನ್ನು ಕಾಗುಣಿತ. ಹಿಮೆನೆಸ್ ಬರೆಯೋದು 'ಜೆ' ಅಕ್ಷರದಿಂದ, 'ಜಿ'ಯಿಂದ ಬರೆಯುವವರೂ ಇದ್ದಾರೆ, 'ಎಕ್ಸ್' ಹಾಕುವವರೂ ಇದ್ದಾರೆ. ಕಿವಿಗೆ ಬಿದ್ದಂತೆ ಬರೆದ ಗುಮಾಸ್ತ 'ಹೆಚ್' ಹಾಕಿರುತ್ತಾನೆ. ಎರ್ನಾಂಡೆಸ್ ಇದರ ಉಲ್ಟಾ. ಅದರ ಮೊದಲಿನ 'ಹೆಚ್' ಬಾಯಿಗೆ ಬರೋದೇ ಇಲ್ಲ. ಆದ್ದರಿಂದ 'ಇ' ಅಕ್ಷರದಲ್ಲೂ ನೋಡಿ. 'ಬಿ'ಗೂ 'ವಿ'ಗೂ, 'ಎಸ್'ಗೂ 'ಝಡ್'ಗೂ ಇದೇ ಗೋಳು. ಗಂಡಸರಲ್ಲೂ ಹೋಸೆ ಮರಿಯಾ ಅಂತ ಇರುತ್ತಾರೆ. ಅವರ ಕಾರ್ಡು ಹೆಂಗಸರ ಪಟ್ಟಿಗೆ ಸೇರಿರಬಹುದು.

ಹಾಗಾಗಿ ಒಂದು ದೊಡ್ಡ ಹಾಳೆ ತಗೊಳ್ಳಿ. ಎಡಕ್ಕೆ ಹುಟ್ಟುಹೆಸರುಗಳು, ಬಲಕ್ಕೆ ಮನೆತನದ ಹೆಸರುಗಳು, ಎಲ್ಲ ಕಾಗುಣಿತದ ಸಮೇತ. ಒಂದೊಂದು ಜೋಡಿ ಹುಡುಕಿ ಟಿಕ್ ಹಾಕುತ್ತಾ ಹೋಗಿ. ಎಕ್ಸೆಲ್ ಬೇಡ. ಅಜ್ಜಿ ಎಕ್ಸೆಲ್ ನೋಡಿ ಬಾಯಿ ಬಿಡಲ್ಲ. ಹಾಳೆ ನೋಡಿದರೆ 'ಅಯ್ಯೋ, ಇದಲ್ಲ' ಅಂತ ಪೆನ್ಸಿಲ್ ಕಿತ್ತುಕೊಳ್ಳುತ್ತಾಳೆ.

ಇಷ್ಟಾದರೂ ಸಿಗಲಿಲ್ವಾ? ಕೆಲವರು ಅಣ್ಣನದೋ ದಾಯಾದಿಯದೋ ಕಾಗದದ ಮೇಲೆ ಗಡಿ ದಾಟಿದ್ದರು. ಇದನ್ನು ಊಟದ ಹೊತ್ತಲ್ಲಿ ಎಲ್ಲರೆದುರು ಕೇಳಬೇಡಿ. ಪಾತ್ರೆ ತೊಳೆಯುವಾಗ ಅತ್ತೆಯನ್ನು ಒಬ್ಬಳನ್ನೇ ಕೇಳಿ.

ನಾಲ್ಕು: ಯಾವ ಬಾಗಿಲು

ಬಹಳ ಜನ ಮೊದಲು ಓಡೋದು ಸೋಷಿಯಲ್ ಸೆಕ್ಯೂರಿಟಿ ಕಚೇರಿಗೆ, ಅಂದರೆ ಅಮೆರಿಕ ಸರ್ಕಾರದ ಪಿಂಚಣಿ ಕಚೇರಿಗೆ. ಫೀಸು ಕಟ್ಟಿ ಹಳೇ ಸಂಪಾದನೆಯ ಲೆಕ್ಕ ತರಿಸಿದರೆ ಖಾಲಿ ಹಾಳೆ ಬರುತ್ತದೆ. 1951ಕ್ಕೆ ಮುಂಚೆ ಹೊಲದ ಕೂಲಿ ಆ ಯೋಜನೆಯೊಳಗೇ ಇರಲಿಲ್ಲ. ಆಮೇಲೆ ಸೇರಿಸಿದಾಗಲೂ ಕಾಂಟ್ರಾಕ್ಟ್ ಮೇಲೆ ಬಂದ ಬ್ರಸೇರೊಗಳನ್ನು ಹೊರಗೆ ಇಟ್ಟರು. ಖಾಲಿ ಹಾಳೆ ಅಂದರೆ ಅಜ್ಜ ದುಡಿದಿಲ್ಲ ಅಂತಲ್ಲ. ಯುದ್ಧದ ಕಾಲದಲ್ಲಿ ರೈಲು ಹಳಿ ಕೆಲಸಕ್ಕೆ ಬಂದವರ ದಾರಿ ಬೇರೆ. ಅವರ ಮನೆಯವರು ರೈಲ್ವೆ ನೌಕರರ ಪಿಂಚಣಿ ನೋಡಿಕೊಳ್ಳುವ ಶಿಕಾಗೊದ ರೈಲ್‌ರೋಡ್ ರಿಟೈರ್‌ಮೆಂಟ್ ಬೋರ್ಡ್‌ಗೆ ಬರೆಯಬೇಕು.

ಗಡಿ ದಾಟಿದವರ ಹಳೇ ಕಾರ್ಡುಗಳನ್ನು ಫ್ಯಾಮಿಲಿಸರ್ಚ್ ಅನ್ನೋ ವಂಶವೃಕ್ಷದ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು. ಮೊದಲೇ ದುಡ್ಡು ಕೇಳುವ ವಂಶವೃಕ್ಷದ ಸೈಟುಗಳಿಗೆ ಹೋಗಬೇಡಿ. ಬ್ರಸೇರೊ ಹಿಸ್ಟರಿ ಆರ್ಕೈವ್ ಅನ್ನೋ ವೆಬ್‌ಸೈಟಿನಲ್ಲಿ ಹಳಬರ ಮಾತು, ಫೋಟೊ ಸಾಕಷ್ಟಿವೆ. ಅದು ಕೂಲಿಗಳ ಹಾಜರಿ ಪುಸ್ತಕ ಅಲ್ಲ. ಆದರೆ ನಿಮ್ಮ ಚೀಟಿಯ ಸೀಲು ಯಾವುದು ಅಂತ ಹೋಲಿಸಿ ನೋಡಲು ಚೆನ್ನಾಗಿದೆ. ಮೆಕ್ಸಿಕೊ ಸಿಟಿಯಲ್ಲಿ ರಾಷ್ಟ್ರೀಯ ದಾಖಲೆ ಸಂಗ್ರಹ ಇರೋದು ಲೆಕುಂಬೆರ್ರಿ ಅನ್ನೋ ಹಳೇ ಜೈಲಿನಲ್ಲಿ. ಅಲ್ಲಿಗೆ ಹೋಗುವಾಗ ನಿಮ್ಮ ಹೆಸರಿನ ಹಾಳೆ ಜೊತೆಗಿರಲಿ. 'ನಾನು ತಂದುಕೊಡ್ತೀನಿ' ಅಂತ ಮುಂಗಡ ಕೇಳುವ ಏಜೆಂಟ್ ಸಿಕ್ಕರೆ ಸುಮ್ನೆ ಎದ್ದು ಬನ್ನಿ.

ಐದು: ಚೀಟಿ ಓದುವುದು

ತಾರೀಖು ಹರಿದಿದ್ದರೆ ಕಡಿತದ ಕಾಲಂ ನೋಡಿ. 1950ರ ದಶಕದಲ್ಲಿ ಕ್ಯಾಂಪಿನ ಊಟಕ್ಕೆ ದಿನಕ್ಕೆ 1.75 ಡಾಲರ್‌ವರೆಗೆ ಹಿಡಿಯುತ್ತಿದ್ದರು. ನಾನು ನೋಡಿದ ಒಂದು ಚೀಟಿಯಲ್ಲಿ ಊಟದ ಲೆಕ್ಕ 12.25 ಇತ್ತು. ಅಂದರೆ ಏಳು ದಿನ. ಕೆಲಸದ ಗಂಟೆಗಳು ನೋಡಿದರೆ ನಾಲ್ಕು ದಿನದಷ್ಟೂ ಇಲ್ಲ. ಆ ಚೀಟಿಯ ಅಜ್ಜನ ಮಗಳು ಅದನ್ನು ಕಿಟಕಿ ಹತ್ತಿರ ಹಿಡಿದು ಇನ್ನೊಮ್ಮೆ ಕೂಡಿಸಿದಳು. 'ಆ ವಾರ ಮಳೆ ಹಿಡಿದಿರಬೇಕು' ಅಂದಳು.