ಹರಡು ಮುರಿದರೆ ಯಾವಾಗ ಓಡಬೇಕು, ಯಾವಾಗ ಕಾಯಬೇಕು: ಪಾದದ ಆಪರೇಷನ್ ಹಂತ ಹಂತವಾಗಿ

ಕಾಕಾ ಬಣವಿಯಿಂದ ಬಿದ್ದದ್ದು ಮಧ್ಯಾಹ್ನ. ಕುಂದಗೋಳ ತಾಲೂಕಿನ ನಮ್ಮೂರಿಂದ ಹುಬ್ಬಳ್ಳಿಗೆ ಕರೆತರುವ ಹೊತ್ತಿಗೆ ಎಡಗಾಲಿನ ಹರಡು, ಅಂದರೆ ಪಾದ ಕಾಲಿಗೆ ಕೂಡುವ ಕೀಲು, ಬಾತು ಗುಂಡಗಾಗಿತ್ತು. ಮೊಣಕಾಲ ಕೆಳಗಿನ ದೊಡ್ಡ ಎಲುಬಿನ ತುದಿ ಕೀಲಿನೊಳಗೇ ಚೂರಾಗಿದೆ ಎಂದು ಎಕ್ಸ್‌-ರೇ ನೋಡಿದ ಡಾಕ್ಟರ್ ಹೇಳಿದರು. ಅವತ್ತೇ ಆಪರೇಷನ್ ಮಾಡುತ್ತಾರೆ ಅಂದುಕೊಂಡೆವು. ಮಾಡಲಿಲ್ಲ. ಎಲುಬಿಗೆ ಹೊರಗಿನಿಂದ ಸರಳು ತೂರಿಸಿ, ಅದಕ್ಕೊಂದು ಚೌಕಟ್ಟು ಕಟ್ಟಿ, ಕಾಲನ್ನು ಎತ್ತರಕ್ಕೆ ಇಟ್ಟು 11 ದಿನ ಮಲಗಿಸಿದರು. "ಇಷ್ಟ ದಿನ ಸುಮ್ನ ಮಲಗಿಸ್ಯಾರಲ್ಲೋ, ಬ್ಯಾರೆ ಕಡೆ ಒಯ್ಯೋಣೇನು?" ಎಂದು ಮನೆಯವರೆಲ್ಲ ನನ್ನನ್ನೇ ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಉತ್ತರವನ್ನು ಆಮೇಲೆ ಕಲಿತೆ, ದುಬಾರಿಯಾಗಿಯೇ ಕಲಿತೆ. ಒಂದು ಪಾದದಲ್ಲಿ 26 ಎಲುಬುಗಳು, ಸುಮಾರು 33 ಕೀಲುಗಳು. ಇಷ್ಟು ಚಿಕ್ಕ ಜಾಗದಲ್ಲಿ ಇಡೀ ಮೈಭಾರ. ಇಲ್ಲಿನ ಆಪರೇಷನ್‌ನಲ್ಲಿ ಡಾಕ್ಟರ ಕೈಚಳಕ ಎಷ್ಟು ಮುಖ್ಯವೋ, ಅದರ ಹಿಂದಿನ ಮತ್ತು ಮುಂದಿನ ವಾರಗಳೂ ಅಷ್ಟೇ ಮುಖ್ಯ. ಆ ವಾರಗಳು ನಮ್ಮ ಕೈಯಲ್ಲಿವೆ.

ಮೊದಲ ಒಂದು ಗಂಟೆ

ಈ ನಾಲ್ಕರಲ್ಲಿ ಒಂದು ಕಂಡರೂ ಒಂದು ಕ್ಷಣ ತಡಮಾಡದೆ 108ಕ್ಕೆ ಫೋನ್ ಮಾಡಿ. ಎಲುಬು ಚರ್ಮ ಹರಿದು ಹೊರಗೆ ಬಂದಿದೆ. ಪಾದ ಒಂದು ಕಡೆ ತಿರುಗಿ ನಿಂತಿದೆ. ಹರಡಿನ ಮೇಲಿನ ಚರ್ಮ ಬಿಗಿದು ಬಿಳಿಚಿಕೊಂಡಿದೆ. ಬೆರಳುಗಳು ತಣ್ಣಗಾಗಿವೆ, ನೀಲಿಯಾಗಿವೆ ಅಥವಾ ಮುಟ್ಟಿದ್ದು ಗೊತ್ತಾಗುತ್ತಿಲ್ಲ. ಇಂಥ ಕಾಲಿಗೆ ಬೆಳಗಾಗುವ ತನಕ ಕಾಯುವುದು ಸಲ್ಲದು.

ಗಾಡಿ ಬರುವುದರೊಳಗೆ ಕಾಲುಂಗುರ, ಗೆಜ್ಜೆ, ಬೆಳ್ಳಿ ಚೈನು ತೆಗೆಯಿರಿ. ಬಾವು ಏರಿದ ಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಗಾಯ ಇದ್ದರೆ ಶುಭ್ರ ಬಟ್ಟೆ ಮುಚ್ಚಿ. ಅರಿಸಿನ, ಸುಣ್ಣ, ಕಾಫಿಪುಡಿ ಏನೂ ಬೇಡ. ದಿಂಬನ್ನು ಪಾದದ ಸುತ್ತ ತೊಟ್ಟಿಲಿನಂತೆ ಮಡಚಿ ಸೀರೆ ಅಥವಾ ಪಂಚೆಯಿಂದ ಸಡಿಲವಾಗಿ ಕಟ್ಟಿ. ಎಳೆಯಬೇಡಿ, ತಿಕ್ಕಬೇಡಿ. ತಿನ್ನಲು ಕುಡಿಯಲು ಕೊಡಬೇಡಿ, ಯಾಕೆಂದರೆ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡಬೇಕಾಗಬಹುದು.

ಎಲುಬು ಕಟ್ಟುವವರ ಬಗ್ಗೆ ನಮ್ಮ ಕಡೆ ಜನರಿಗೆ ಜಾಸ್ತಿ ನಂಬಿಕೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬಾತ ಹರಡಿಗೆ ಬಿದಿರು ದಬ್ಬೆ ಇಟ್ಟು ಬಿಗಿದರೆ ಒಳಗೆ ಬಾವು ಏರುತ್ತಲೇ ಇರುತ್ತದೆ, ಹೊರಗೆ ಜಾಗ ಇರುವುದಿಲ್ಲ. ರಕ್ತ ಓಡಾಟ ನಿಂತರೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಕೀಲಿನೊಳಗೆ ಮುರಿದ ಎಲುಬು ಸ್ವಲ್ಪ ಸರಿದು ಕೂತರೂ ಮುಂದೆ ಸವೆತ ಶುರುವಾಗಬಹುದು. ಅದನ್ನು ಹೊರಗಿನಿಂದ ಕೈಯಲ್ಲಿ ಅಂದಾಜು ಮಾಡಲು ಯಾರಿಗೂ ಆಗುವುದಿಲ್ಲ.

ಬಾವು ಇಳಿಯುವ ತನಕ

ಆ 11 ದಿನದ ಕಥೆ ಇದು. ನಿಮ್ಮ ಹರಡಿನ ಮೇಲೆ ಒಮ್ಮೆ ಬೆರಳಿಟ್ಟು ನೋಡಿ. ಚರ್ಮದ ಕೆಳಗೆ ನೇರ ಎಲುಬೇ ಸಿಗುತ್ತದೆ. ತೊಡೆಯಲ್ಲಿರುವಂತೆ ಮಾಂಸದ ಮೆತ್ತೆ ಇಲ್ಲ. ಬಾತು ಬಿಗಿದ ಆ ತೆಳು ಚರ್ಮವನ್ನು ಅವತ್ತೇ ಕೊಯ್ದು ಪ್ಲೇಟ್ ಕೂರಿಸಿದರೆ ಮತ್ತೆ ಹೊಲಿಗೆ ಹಾಕಲು ಎರಡು ಅಂಚು ಕೂಡುವುದಿಲ್ಲ. ಎಳೆದು ಹೊಲಿದರೆ ಅಂಚು ಕಪ್ಪಾಗುತ್ತದೆ, ಪ್ಲೇಟ್ ಹೊರಗೆ ಕಾಣುತ್ತದೆ, ಕೀವು ಎಲುಬಿಗೆ ಇಳಿಯುತ್ತದೆ. ಅದಕ್ಕೇ ಕಾಯುತ್ತಾರೆ. ಕಾಯುವಾಗ ಎಲುಬು ಕುಸಿಯದಿರಲಿ ಎಂದು ಹೊರಗಿನ ಚೌಕಟ್ಟು. ಅದನ್ನು ಹಾಕಿದ ಮೇಲೆ ಸಿ.ಟಿ. ಸ್ಕ್ಯಾನ್ ಮಾಡಿ, ಯಾವ ಚೂರು ಎಲ್ಲಿದೆ ಎಂದು ನೋಡಿ, ಎಲ್ಲಿ ಕೊಯ್ಯಬೇಕು ಎಂದು ತೀರ್ಮಾನಿಸುತ್ತಾರೆ.

ಕಾಕಾನ ಡಾಕ್ಟರ್ ದಿನಾ ಬೆಳಿಗ್ಗೆ ಬಂದು ಹರಡಿನ ಮಗ್ಗುಲ ಚರ್ಮವನ್ನು ಹೆಬ್ಬೆರಳು ತೋರುಬೆರಳಿನಿಂದ ಮೆಲ್ಲಗೆ ಹಿಂಡಿ ನೋಡುತ್ತಿದ್ದರು. ಮೊದಲ ದಿನಗಳಲ್ಲಿ ಅದು ಉಬ್ಬಿದ ಬಲೂನಿನ ಹಾಗೆ ಮಿರಮಿರ ಮಿಂಚುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಹತ್ತನೇ ದಿನ ಸಣ್ಣ ಸಣ್ಣ ನೆರಿಗೆ ಬಿತ್ತು. "ನೋಡ್ರಿ, ಇದಕ್ಕ ಕಾಯ್ತಿದ್ದೆ" ಅಂದರು. ಮರುದಿನ ಆಪರೇಷನ್. ನೀವೂ ವಾರ್ಡಿನಲ್ಲಿ ಕೂತಿದ್ದರೆ ಆ ನೆರಿಗೆ ನೋಡಿ. ಇದಕ್ಕೆ ಒಂದು ವಾರವಾಗಬಹುದು, ಎರಡು ವಾರವೂ ಆಗಬಹುದು. ಎತ್ತರದಿಂದ ಬಿದ್ದು ಹಿಮ್ಮಡದ ಎಲುಬು ಪುಡಿಯಾದಾಗಲೂ ಬಹುತೇಕ ಇದೇ ಲೆಕ್ಕ. ಹಾಗೆ ಬಿದ್ದವರ ಬೆನ್ನೆಲುಬನ್ನೂ ತಪಾಸಣೆ ಮಾಡಿಸಿ. ಹಿಮ್ಮಡದ ನೋವಿನಲ್ಲಿ ಬೆನ್ನಿನ ಏಟು ಮರೆತುಹೋಗುತ್ತದೆ.

ಚರ್ಮ ಹರಿದಿದ್ದರೆ, ಕೀಲು ಜಾರಿದ್ದರೆ ಮಾತ್ರ ಕಾಯುವುದಿಲ್ಲ. ತಕ್ಷಣ ತೊಳೆಯುತ್ತಾರೆ, ಕೀಲನ್ನು ಜಾಗಕ್ಕೆ ಕೂರಿಸುತ್ತಾರೆ. ಪ್ಲೇಟ್, ಸ್ಕ್ರೂ ಆಮೇಲೆ.

ಆಪರೇಷನ್ ದಿನ

ಇದು ನಾವು ಹೆದರುವಷ್ಟು ದೊಡ್ಡದಲ್ಲ. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಜೋಮು ಬರಿಸುತ್ತಾರೆ. ಕೆಲವರಿಗೆ ಮೊಣಕಾಲ ಹಿಂದಿನ ನರಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಆ ಜೋಮು ಇಳಿಯುವಾಗ ನೋವು ಒಮ್ಮೆಲೇ ನುಗ್ಗುತ್ತದೆ, ಅದೂ ಬಹುತೇಕ ನಡುರಾತ್ರಿ. ಹಾಗಾಗಿ ನೋವಿನ ಗುಳಿಗೆಯನ್ನು ಯಾವಾಗ ಶುರು ಮಾಡಬೇಕು ಎಂದು ಸಂಜೆಯೇ ನರ್ಸಿಗೆ ಕೇಳಿ ಇಟ್ಟುಕೊಳ್ಳಿ.

ಕಾಲು ಊರದ ವಾರಗಳು

ಮೊದಲ ಎರಡು ವಾರ ಪಾದ ಎದೆಗಿಂತ ಎತ್ತರದಲ್ಲಿರಬೇಕು. ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲ್ ಮೇಲೆ ಇಟ್ಟರೆ ಅದು ಎತ್ತರವಲ್ಲ. ಮಲಗಿ, ಮೀನಖಂಡದ ಕೆಳಗೆ ಎರಡು ಮೂರು ದಿಂಬು ಇಡಿ, ಹಿಮ್ಮಡ ಗಾಳಿಯಲ್ಲಿರಲಿ. ಹೊಲಿಗೆ ಬಿಚ್ಚುವುದು ಎರಡರಿಂದ ಮೂರು ವಾರಕ್ಕೆ. ಪ್ಲಾಸ್ಟರ್ ಒಳಗೆ ತುರಿಕೆ ಬಂದರೆ ಕಡ್ಡಿ ಹಾಕಿ ಕೆರೆಯಬೇಡಿ, ಒಳಗಿನ ಗೀರು ಕಣ್ಣಿಗೆ ಕಾಣದೆ ಹುಣ್ಣಾಗುತ್ತದೆ.

ಪ್ಲಾಸ್ಟರ್ ತುಂಬ ಬಿಗಿ ಅನ್ನಿಸಿ, ಗುಳಿಗೆಗೂ ಬಗ್ಗದ ನೋವಿದ್ದು, ಬೆರಳನ್ನು ಮೇಲಕ್ಕೆತ್ತಿದರೆ ಜೀವ ಹೋದಂತಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಮೀನಖಂಡ ಬಾತು ನೋಯುತ್ತಿದ್ದರೆ, ಇಲ್ಲವೇ ಎದೆನೋವು ಬಂದರೆ, ಉಸಿರು ಕಟ್ಟಿದಂತಾದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಆಗಲೂ ಓಡಬೇಕು. ಜ್ವರ, ಕೀವು, ವಾಸನೆ ಬಂದರೆ ಅದೇ ದಿನ ತೋರಿಸಿ.

ಇನ್ನು ಎಲ್ಲಕ್ಕಿಂತ ಕಷ್ಟದ್ದು, ಕಾಲು ಊರದೇ ಇರುವುದು. ಸಾದಾ ಮುರಿತಕ್ಕೆ ಆರು ವಾರದ ಆಸುಪಾಸು. ಹಿಮ್ಮಡ ಅಥವಾ ಕೀಲು ಚೂರಾಗಿದ್ದರೆ 10ರಿಂದ 12 ವಾರ. ನಾಲ್ಕನೇ ವಾರಕ್ಕೆಲ್ಲ ನೋವು ಇಳಿದಿರುತ್ತದೆ. ಮೋಸ ಆಗುವುದು ಅಲ್ಲೇ. ನೋವಿಲ್ಲ ಅಂದರೆ ಎಲುಬು ಕೂಡಿದೆ ಅಂತಲ್ಲ. ಪ್ಲೇಟ್ ಎಲುಬನ್ನು ಹಿಡಿದಿಟ್ಟಿರುತ್ತದೆ ಅಷ್ಟೇ, ಮೈಭಾರ ಹೊರಲು ಅದನ್ನು ಹಾಕಿಲ್ಲ.

ಕಾಕಾಗೆ ಅದು ಆರನೇ ವಾರ. ಮನೆಯಲ್ಲಿ ನಾನೊಬ್ಬನೇ ಇದ್ದೆ, ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದೆ. ಹೊರಗೆ ಕರು ಹಗ್ಗ ಬಿಚ್ಚಿಕೊಂಡಿತು. ಅವರು ವಾಕರ್ ಬಿಟ್ಟು ಎದ್ದು, ಹೊಸ್ತಿಲು ದಾಟಿ, ಹತ್ತು ಹೆಜ್ಜೆ ನಡೆದು ಅದನ್ನು ಕಟ್ಟಿ ಬಂದರು. ನೋವು ಆಗಲಿಲ್ಲ ಅಂದರು. ಯಾರಿಗೂ ಹೇಳಬೇಡ ಅಂದರು. ನಾನು ಹೇಳಲಿಲ್ಲ. ಮುಂದಿನ ಎಕ್ಸ್‌-ರೇಯಲ್ಲಿ ಒಂದು ಸ್ಕ್ರೂ ಮುರಿದಿತ್ತು, ಕೀಲಿನ ಮೇಲ್ಮೈ ಒಂದು ಕಡೆ ಕುಸಿದಿತ್ತು. ಅವತ್ತೇ ಡಾಕ್ಟರಿಗೆ ತಿಳಿಸಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂಬ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಯಾರಾದರೂ ತಪ್ಪಿ ಕಾಲು ಊರಿದರೆ ಬೈಯಬೇಡಿ, ಮುಚ್ಚಿಡಬೇಡಿ. ಡಾಕ್ಟರಿಗೆ ಫೋನ್ ಮಾಡಿ.

ಜೋಡಿಸುವುದೋ, ಬದಲಿಸುವುದೋ

ಎರಡು ವರ್ಷದಲ್ಲಿ ಕಾಕಾನ ಕೀಲು ಸವೆದುಹೋಯಿತು. ರಾತ್ರಿ ನಿದ್ದೆ ಇಲ್ಲ, ಹೊಲಕ್ಕೆ ಹೋಗಲು ಆಗುತ್ತಿರಲಿಲ್ಲ. ಹಳೇ ಮುರಿತ, ವಾತ, ವರ್ಷಗಟ್ಟಲೆ ಉಳುಕಿದ ಹರಡು, ಯಾವುದರಿಂದಲಾದರೂ ಕೀಲು ಸವೆದರೆ ಮೊದಲು ಬೆಲ್ಟು, ಬೂಟು, ಗುಳಿಗೆ, ಇಂಜೆಕ್ಷನ್. ಅವೆಲ್ಲ ಸೋತ ಮೇಲೆ ಮುಖ್ಯವಾಗಿ ಎರಡು ದಾರಿ.

ಒಂದು, ಕೀಲನ್ನು ಜೋಡಿಸಿಬಿಡುವುದು. ಉಳಿದ ಮೃದ್ವಸ್ಥಿ ಕೆರೆದು ತೆಗೆದು, ಪಾದವನ್ನು ಕಾಲಿಗೆ 90 ಡಿಗ್ರಿಯಲ್ಲಿ ಇಟ್ಟು, ಸ್ಕ್ರೂ ಹಾಕಿ ಎರಡು ಎಲುಬನ್ನು ಒಂದೇ ಎಲುಬಾಗಿ ಬೆಸೆಯುತ್ತಾರೆ. ಅಲ್ಲಾಡುವುದೇ ನಿಂತರೆ ಆ ಕೀಲಿನ ನೋವೂ ನಿಲ್ಲುತ್ತದೆ. ಪಾದದೊಳಗಿನ ಬೇರೆ ಕೀಲುಗಳು ಸ್ವಲ್ಪ ಬಾಗುವುದರಿಂದ ಸಮ ರಸ್ತೆಯಲ್ಲಿ ಚೆನ್ನಾಗಿಯೇ ನಡೆಯಬಹುದು. ಆದರೆ ಕುಕ್ಕರಗಾಲಲ್ಲಿ ಕೂರುವುದು ಕಷ್ಟ. ಅಂದರೆ ಕಳೆ ತೆಗೆಯುವುದು, ಎಮ್ಮೆ ಹಿಂಡುವುದು, ನೆಲದ ಪಾಯಿಖಾನೆ. ಉತ್ತ ಎರಿ ಹೊಲದ ಹೆಂಟೆಯ ಮೇಲೆ ಹೆಜ್ಜೆ ತಪ್ಪುತ್ತದೆ. ವರ್ಷಗಳು ಕಳೆದಂತೆ ಪಕ್ಕದ ಕೀಲುಗಳ ಮೇಲೆ ಭಾರ ಜಾಸ್ತಿಯಾಗಿ ಅವೂ ಸವೆಯಬಹುದು.

ಇನ್ನೊಂದು, ಲೋಹ ಮತ್ತು ಪ್ಲಾಸ್ಟಿಕ್ಕಿನ ಕೃತಕ ಕೀಲು. ಹರಡು ಬಾಗುತ್ತದೆ, ನಡಿಗೆ ಹಗುರ. ಆದರೆ ಅದು ಸವೆದರೆ ಮತ್ತೆ ಆಪರೇಷನ್. ವಯಸ್ಸಾದ, ಓಡಾಟ ಕಡಿಮೆ ಇರುವ, ಕಾಲು ನೆಟ್ಟಗಿರುವವರಿಗೆ ಹೊಂದುತ್ತದೆ. ಮೂಟೆ ಹೊರುವವರಿಗೆ, ಪಾದದ ಸ್ಪರ್ಶ ಹೋದವರಿಗೆ, ಕೀಲಿನಲ್ಲಿ ಹಿಂದೆ ಕೀವಾಗಿದ್ದವರಿಗೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಹೊಸದು ಅಂದಮಾತ್ರಕ್ಕೆ ಒಳ್ಳೆಯದಲ್ಲ, ಅಲ್ವಾ? ಹೊಲದಲ್ಲಿ ದುಡಿಯುವ ಕಾಲಿಗೆ ಜೋಡಣೆಯೇ ಗಟ್ಟಿ ಎಂಬುದು ನನ್ನ ಅನಿಸಿಕೆ. ಕಾಕಾ ಅದನ್ನೇ ಆರಿಸಿಕೊಂಡರು. ಡಾಕ್ಟರ ಹತ್ತಿರ ಹೋದಾಗ "ನಡೆಯಬಹುದಾ?" ಎಂದಷ್ಟೇ ಕೇಳಬೇಡಿ. ಒಲೆ ಮುಂದೆ ಕೂತು ರೊಟ್ಟಿ ಬಡಿಯಬೇಕು, ಬಸ್ಸಿನ ಮೆಟ್ಟಿಲು ಹತ್ತಬೇಕು ಎಂದು ನಿಮ್ಮ ದಿನವನ್ನು ಬಿಡಿಸಿ ಹೇಳಿ. ಎಕ್ಸ್‌-ರೇಯನ್ನು ಸಾಧ್ಯವಾದರೆ ನಿಂತುಕೊಂಡೇ ತೆಗೆಸಿ. ಪಾದ ಭಾರ ಹೊತ್ತಾಗಷ್ಟೇ ಅದರ ಸೊಟ್ಟ ಕಾಣುತ್ತದೆ.

ದಿನ ಗೊತ್ತು ಮಾಡುವ ಮುಂಚೆ

ಅವಸರವಿಲ್ಲದ ಆಪರೇಷನ್ ಆದರೆ ತಯಾರಿಗೆ ಸಮಯ ಇದೆ. ಮೊದಲು ತಂಬಾಕು. ಬೀಡಿ, ಗುಟ್ಕಾ, ಎಲೆ ಜೊತೆಗಿನ ತಂಬಾಕು ಎಲ್ಲವೂ ಒಂದೇ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಎಲುಬು ಬೆಸೆಯುವುದು ತಡವಾಗುತ್ತದೆ, ಕೆಲವೊಮ್ಮೆ ಬೆಸೆಯುವುದೇ ಇಲ್ಲ. ಕನಿಷ್ಠ ನಾಲ್ಕರಿಂದ ಆರು ವಾರ ಮುಂಚೆ ಬಿಡಿ, ಎಲುಬು ಕೂಡುವ ತನಕ ಮುಟ್ಟಬೇಡಿ.

ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ಹೇಳುವ ರಕ್ತ ಪರೀಕ್ಷೆ ಮಾಡಿಸಿ. ಪಾದದ ನಾಡಿ ಮತ್ತು ಸ್ಪರ್ಶವನ್ನೂ ನೋಡಿಸಿ. ಇಲ್ಲೊಂದು ಎಚ್ಚರಿಕೆ ಇದೆ. ಗಾಯ ಇಲ್ಲ, ನೋವೂ ಅಷ್ಟಿಲ್ಲ, ಆದರೆ ಒಂದು ಪಾದ ಕೆಂಪಾಗಿ ಬಾತು ಬಿಸಿಯಾಗಿದೆ ಅಂದರೆ ಅದನ್ನು ಉಳುಕು ಅಂದುಕೊಂಡು ನಡೆಯಬೇಡಿ. ಸ್ಪರ್ಶ ಕಳೆದುಕೊಂಡ ಪಾದದಲ್ಲಿ ಎಲುಬುಗಳು ಒಳಗೊಳಗೇ ಪುಡಿಯಾಗುತ್ತಿರಬಹುದು. ಶಾರ್ಕೋ ಪಾದ ಅನ್ನುತ್ತಾರೆ. ಇದಕ್ಕೆ ಮೊದಲ ಚಿಕಿತ್ಸೆ ಆಪರೇಷನ್ ಅಲ್ಲ, ಪಾದಕ್ಕೆ ಪೂರ್ತಿ ಅಂಟಿಕೊಂಡಂಥ ಪ್ಲಾಸ್ಟರ್. ಅದೂ ತಿಂಗಳುಗಟ್ಟಲೆ. ಪಾದ ಸೊಟ್ಟಗಾಗಿ ಹುಣ್ಣು ಬೀಳತೊಡಗಿದರೆ ಆಮೇಲೆ ಆಪರೇಷನ್ ಮಾತು. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿದ ಮಕ್ಕಳಿಗೂ ಹಾಗೇ. ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುವ ಪೊನ್ಸೆಟಿ ಪದ್ಧತಿಯಲ್ಲಿ ಬಹುತೇಕ ಮಕ್ಕಳ ಪಾದ ದೊಡ್ಡ ಆಪರೇಷನ್ ಇಲ್ಲದೆ ನೆಟ್ಟಗಾಗುತ್ತದೆ. ಎಷ್ಟು ಬೇಗ ಕರೆದೊಯ್ದರೆ ಅಷ್ಟು ಒಳ್ಳೆಯದು.

ಖರ್ಚಿನ ವಿಷಯಕ್ಕೆ ಬಂದರೆ, ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗುವುದು ದಾರಿ. ಗದಗ, ಹಾವೇರಿಯವರಿಗೆ ಅಲ್ಲಿಯೇ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಜನ ಕಿಮ್ಸ್ ಎಂದೇ ಕರೆಯುವ ದೊಡ್ಡಾಸ್ಪತ್ರೆ ಇದೆ. ಅವಸರವಿಲ್ಲದ ಚಿಕಿತ್ಸೆಗೆ ಯೋಜನೆಯಡಿ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಆಧಾರ್, ರೇಷನ್ ಕಾರ್ಡ್, ಹಳೇ ಎಕ್ಸ್‌-ರೇ ಎಲ್ಲ ಒಂದೇ ಚೀಲದಲ್ಲಿಡಿ.

ಮನೆಯಲ್ಲಿ ಕೆಳಗಿನ ಕೋಣೆ ಖಾಲಿ ಮಾಡಿ. ಕಮೋಡ್ ಕುರ್ಚಿ ತನ್ನಿ. ವಾಕರ್ ಹಿಡಿದು ಒಂದೇ ಕಾಲಲ್ಲಿ ನಡೆಯುವುದನ್ನು ಆಪರೇಷನ್‌ಗೆ ಮುಂಚೆಯೇ ಕಲಿಯಿರಿ, ಆಮೇಲೆ ನೋವಿನಲ್ಲಿ ಕಲಿಯುವುದು ಕಷ್ಟ. ನಮ್ಮ ಮನೆಗಳ ಹೊಸ್ತಿಲು ಎತ್ತರ. ಅದರ ಎರಡೂ ಕಡೆ ಹಲಗೆ ಹಾಕಿಸಿ.

ಮತ್ತೆ ನೆಲಕ್ಕೆ

ಡಾಕ್ಟರ್ "ಇನ್ನು ಸ್ವಲ್ಪ ಭಾರ ಹಾಕಿ" ಅಂದಾಗ ಸ್ವಲ್ಪ ಅಂದರೆ ಎಷ್ಟು? ಎರಡನೇ ಸಲ ಕಾಕಾಗೆ ಫಿಸಿಯೋಥೆರಪಿಯವರು ಒಳ್ಳೇ ಉಪಾಯ ಹೇಳಿಕೊಟ್ಟರು. ಮನೆಯ ತೂಕದ ಯಂತ್ರದ ಮೇಲೆ ಆ ಪಾದ ಇಟ್ಟು, ವಾಕರ್ ಹಿಡಿದು, ಮುಳ್ಳು 10 ಕಿಲೋ ತೋರಿಸುವ ತನಕ ಒತ್ತುವುದು. ಹತ್ತಾರು ಸಲ ಒತ್ತಿದ ಮೇಲೆ ಆ ಭಾರ ಪಾದಕ್ಕೆ ಗುರುತಾಗುತ್ತದೆ. ಆಮೇಲೆ ಅಷ್ಟೇ ಭಾರ ಹಾಕಿ ನಡೆಯುವುದು. ಡಾಕ್ಟರ್ ಹೇಳಿದಂತೆ 20, 30 ಎಂದು ಏರಿಸುತ್ತ ಹೋಗುವುದು. ಈ ಸಲ ಕರು ಬಿಚ್ಚಿಕೊಂಡಾಗ ಅವರು ಕಟ್ಟೆಯ ಮೇಲಿಂದ ನನ್ನ ಹೆಸರು ಹಿಡಿದು ಕೂಗಿದರು.

ಸಂಜೆ ಹೊತ್ತಿಗೆ ಪಾದ ಬಾಯುವುದು ಆರು ತಿಂಗಳು, ಕೆಲವರಿಗೆ ವರ್ಷದ ತನಕ ಇರುತ್ತದೆ. ಮಲಗಿದಾಗ ಇಳಿಯುತ್ತಿದ್ದರೆ ಗಾಬರಿ ಬೇಡ. ಬಲಗಾಲಾದರೆ ಬೈಕು, ಟ್ರ್ಯಾಕ್ಟರ್ ಏರುವ ಮುಂಚೆ ಡಾಕ್ಟರನ್ನು ಕೇಳಿ, ಬ್ರೇಕನ್ನು ಗಟ್ಟಿಯಾಗಿ ಒತ್ತಲು ಬರಬೇಕು. ಕೀಲು ಜೋಡಿಸಿಕೊಂಡವರು ಮುಂಭಾಗ ದೋಣಿಯಂತೆ ಮೇಲಕ್ಕೆ ಬಾಗಿದ ಅಟ್ಟೆಯ ಬೂಟು ಹಾಕಿದರೆ ಹೆಜ್ಜೆ ತಾನೇ ಮುಂದಕ್ಕೆ ಉರುಳುತ್ತದೆ. ಕಾಲು ಸ್ವಲ್ಪ ಗಿಡ್ಡ ಆಗಿದ್ದರೆ ಅದೇ ಅಟ್ಟೆಯನ್ನು ಅಷ್ಟು ಎತ್ತರ ಮಾಡಿಸಬಹುದು. ಅಳತೆ ಕೊಡಲು ಸಂಜೆ ಹೋಗಿ, ಪಾದ ಬಾತಿರುವಾಗ.