ಹುಬ್ಬಳ್ಳಿಯ ಲ್ಯಾಪ್‌ಟಾಪ್, ಬೆಟಗೇರಿಯ ಫೋನ್, ಹಾವೇರಿಯ ಪ್ಲೇಸ್ಟೇಷನ್: ಒಂದೇ ಆಟದಲ್ಲಿ ಕೂಡಿಸುವುದು ಹೇಗೆ?

ಹುಬ್ಬಳ್ಳಿ ವಿದ್ಯಾನಗರದ ಹಾಸ್ಟೆಲ್‌ನಲ್ಲಿರುವ ಅಣ್ಣನ ಹತ್ತಿರ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಗದಗ-ಬೆಟಗೇರಿಯಲ್ಲಿರುವ ತಮ್ಮನಿಗೆ ಆಂಡ್ರಾಯ್ಡ್ ಫೋನ್. ಹಾವೇರಿಯ ಸೋದರಮಾವನ ಮನೆಯಲ್ಲಿ ಪ್ಲೇಸ್ಟೇಷನ್. ಮೂವರೂ ಮೈನ್‌ಕ್ರಾಫ್ಟ್ ಕೊಂಡಿದ್ದಾರೆ, ಮೂರೂ ಕಡೆ ಇಂಟರ್ನೆಟ್ ಚೆನ್ನಾಗಿಯೇ ಇದೆ. ಆದರೂ ಶನಿವಾರ ರಾತ್ರಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದೇ ಮಾತು: ‘ಲೇ, ನಿನ್ ವರ್ಲ್ಡ್ ಕಾಣವಲ್ದು.’ (ವರ್ಲ್ಡ್ ಎಂದರೆ ಆಟದೊಳಗೆ ಒಬ್ಬರು ಕಟ್ಟಿಕೊಂಡ ಲೋಕ.)

ತೊಡಕು ಇರುವುದು ಮೂರರಲ್ಲೊಂದು ಕಡೆ: ಆಟದ ಆವೃತ್ತಿ, ಖಾತೆ, ಇಲ್ಲವೇ ನೆಟ್‌ವರ್ಕ್. ಹೆಚ್ಚಿನವರು ಮೊದಲು ರೂಟರ್‌ಗೆ ಕೈ ಹಾಕುತ್ತಾರೆ. ಆವೃತ್ತಿಯೇ ಹೊಂದದಿದ್ದರೆ ರೂಟರನ್ನು ಹತ್ತು ಸಲ ಆರಿಸಿ ಹಚ್ಚಿದರೂ ಏನೂ ಆಗದು. ಆದ್ದರಿಂದ ಇದೇ ಕ್ರಮದಲ್ಲಿ ನೋಡುತ್ತ ಬನ್ನಿ.

ಮೊದಲು ಆವೃತ್ತಿ

ಮೈನ್‌ಕ್ರಾಫ್ಟ್ ಎಂಬ ಹೆಸರಿನಲ್ಲಿ ಎರಡು ಬೇರೆ ಆಟಗಳಿವೆ. ಜಾವಾ ಎಡಿಷನ್ ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಮಾತ್ರ ನಡೆಯುತ್ತದೆ. ಬೆಡ್‌ರಾಕ್ ಎಡಿಷನ್ ಫೋನ್, ವಿಂಡೋಸ್, ಎಕ್ಸ್‌ಬಾಕ್ಸ್, ಸ್ವಿಚ್, ಪ್ಲೇಸ್ಟೇಷನ್ ಎಲ್ಲದರಲ್ಲೂ ಇದೆ. ಪ್ಲೇಸ್ಟೇಷನ್ ಈ ಸಾಲಿಗೆ ಬಂದದ್ದು ತಡವಾಗಿ, 2019ರ ಡಿಸೆಂಬರ್‌ನಲ್ಲಿ. ಜಾವಾ ಮಾತಾಡುವುದು ಟಿಸಿಪಿಯಲ್ಲಿ, ಬೆಡ್‌ರಾಕ್ ಯುಡಿಪಿಯಲ್ಲಿ (ಇಂಟರ್ನೆಟ್ಟಿನಲ್ಲಿ ಮಾಹಿತಿ ಕಳಿಸುವ ಎರಡು ಬೇರೆ ಪದ್ಧತಿಗಳಿವು). ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಸ್ವಂತ ಜಾವಾ ಸರ್ವರ್ ನಡೆಸುವವರು ಗೈಸರ್ ಎಂಬ ದುಭಾಷಿ ತಂತ್ರಾಂಶ ಹಾಕಿ ಫೋನಿನವರನ್ನೂ ಒಳಗೆ ಬಿಟ್ಟುಕೊಳ್ಳಬಹುದು, ಆದರೆ ಮೂವರು ಆಡುವುದಕ್ಕೆ ಅಷ್ಟು ಉಸಾಬರಿ ಬೇಕಿಲ್ಲ.

ಲ್ಯಾಪ್‌ಟಾಪಿನ ಅಣ್ಣ ತೆರೆದಿರುವುದು ಜಾವಾ ಆಗಿದ್ದರೆ ಮತ್ತೆ ದುಡ್ಡು ಹಾಕುವ ಅಗತ್ಯವಿಲ್ಲ. 2022ರ ಜೂನ್‌ನಿಂದ ಪಿಸಿಯಲ್ಲಿ ಎರಡನ್ನೂ ಒಟ್ಟಿಗೇ ಕೊಡುತ್ತಾರೆ. ಲಾಂಚರ್‌ನ ಎಡಗಡೆಯ ಪಟ್ಟಿಯಲ್ಲಿ ಬೆಡ್‌ರಾಕ್ ಆರಿಸಿಕೊಂಡರೆ ಸಾಕು. ಫೋನಿಗೆ ಕೊಂಡದ್ದು ಮಾತ್ರ ಪ್ಲೇಸ್ಟೇಷನ್‌ಗೆ ಬರುವುದಿಲ್ಲ, ಅಲ್ಲಿ ಮತ್ತೆ ಕೊಳ್ಳಲೇಬೇಕು.

ಮುಂದಿನದು ಆವೃತ್ತಿಯ ಸಂಖ್ಯೆ. ಆಟದ ಮೊದಲ ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿರುವ ಅಂಕಿಯನ್ನು ಮೂವರೂ ಓದಿ ಹೇಳಿ. ಪ್ಲೇ ಸ್ಟೋರ್ ಅಪ್‌ಡೇಟನ್ನು ಹಂತಹಂತವಾಗಿ ಬಿಡುವುದರಿಂದ ಒಬ್ಬರಿಗೆ ಇಂದು ಬಂದದ್ದು ಇನ್ನೊಬ್ಬರಿಗೆ ನಾಳೆ ಬರಬಹುದು. ‘ಔಟ್‌ಡೇಟೆಡ್ ಕ್ಲೈಂಟ್’ ಎಂದು ಬಂದರೆ ಹಿಂದುಳಿದಿರುವುದು ನೀವು, ‘ಔಟ್‌ಡೇಟೆಡ್ ಸರ್ವರ್’ ಎಂದರೆ ಹೋಸ್ಟ್, ಅಂದರೆ ತಮ್ಮ ವರ್ಲ್ಡ್ ತೆರೆದು ಉಳಿದವರನ್ನು ಸೇರಿಸಿಕೊಳ್ಳುವವರು. ಬೀಟಾಗೆ (ಪ್ರಯೋಗದ ಆವೃತ್ತಿಗೆ) ಸೇರಿಕೊಂಡವರು ಹೊರಬಂದು ಮಾಮೂಲಿ ಆವೃತ್ತಿ ಹಾಕಿಕೊಳ್ಳಬೇಕು.

ಬೇರೆ ಆಟಗಳಲ್ಲೂ ಇಂಥ ಬಲೆಗಳಿವೆ. ಡೀಪ್ ರಾಕ್ ಗ್ಯಾಲಕ್ಟಿಕ್ ನೋಡಿ: ಒಂದೇ ಟೇಬಲ್ಲಿನ ಮೇಲೆ ಎರಡು ಲ್ಯಾಪ್‌ಟಾಪ್, ಒಂದರಲ್ಲಿ ಸ್ಟೀಮ್‌ನಿಂದ ಕೊಂಡ ಆಟ, ಇನ್ನೊಂದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದದ್ದು. ಇಬ್ಬರೂ ಮೊಣಕೈಗೆ ಮೊಣಕೈ ತಾಗಿಸಿ ಕೂತರೂ ಕೂಡಿ ಆಡಲಾಗದು. ಎರಡನೆಯವನು ದೂರದ ಎಕ್ಸ್‌ಬಾಕ್ಸ್‌ನವನ ಜೊತೆ ಮಾತ್ರ ಆಡಬಲ್ಲ. ಇಬ್ಬರ ಆಟವಾದ ‘ಇಟ್ ಟೇಕ್ಸ್ ಟು’ ಬಂದಾಗ ಕ್ರಾಸ್‌ಪ್ಲೇ, ಅಂದರೆ ಬೇರೆ ಬೇರೆ ಯಂತ್ರದವರು ಕೂಡಿ ಆಡುವ ಸೌಲಭ್ಯ, ಇರಲಿಲ್ಲ. ಅದೇ ತಂಡ 2025ರ ಮಾರ್ಚ್‌ನಲ್ಲಿ ತಂದ ‘ಸ್ಪ್ಲಿಟ್ ಫಿಕ್ಷನ್’ನಲ್ಲಿ ಇದೆ, ಮೇಲಾಗಿ ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರು ಫ್ರೆಂಡ್ಸ್ ಪಾಸ್ ಇಳಿಸಿಕೊಂಡು ಪುಕ್ಕಟೆ ಸೇರಬಹುದು. ಮನೆಯಲ್ಲಿ ಇಬ್ಬರಿಗೆ ಬೇರೆ ಬೇರೆ ಯಂತ್ರಗಳಿದ್ದರೆ ನಮ್ಮ ಮೊದಲ ಸಲಹೆ ಇದೇ. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್‌ನವರು ಕೂಡಬಹುದು, ಕನ್ಸೋಲ್‌ನವರು ಆ ಗುಂಪಿಗೆ ಬರಲಾಗದು.

ಆಮೇಲೆ ಖಾತೆ

ಬೆಡ್‌ರಾಕ್‌ನಲ್ಲಿ ಎಲ್ಲರಿಗೂ ಮೈಕ್ರೋಸಾಫ್ಟ್ ಖಾತೆ ಬೇಕು, ಪ್ಲೇಸ್ಟೇಷನ್‌ನವರಿಗೂ. ಅಲ್ಲಿ ಪರದೆಯ ಮೇಲೆ ಬರುವ ಕೋಡನ್ನು ಫೋನಿನ ಬ್ರೌಸರ್‌ನಲ್ಲಿ ಹಾಕಿ ಖಾತೆ ಬೆಸೆಯಬೇಕು. ಅವಸರದಲ್ಲಿ ತಂಗಿಯ ಖಾತೆಗೆ ಬೆಸೆದುಬಿಟ್ಟರೆ ಬಿಡಿಸುವುದು ತಲೆನೋವು, ನೋಡಿ ಒತ್ತಿ. ಜೊತೆಗೆ ಪ್ಲೇಸ್ಟೇಷನ್ ಪ್ಲಸ್ ಚಂದಾ ಇರಬೇಕು. ಫೋನ್ ಮತ್ತು ಪಿಸಿಯವರಿಗೆ ಇಂಥ ಚಂದಾ ಇಲ್ಲ.

ಶಾಲೆಯ ಮಕ್ಕಳ ಮನೆಗಳಲ್ಲಿ ಹೆಚ್ಚು ಕಾಡುವುದು ವಯಸ್ಸು. ಹುಟ್ಟಿದ ದಿನಾಂಕ ಸರಿಯಾಗಿ ಹಾಕಿ ಮಗುವಿನ ಖಾತೆ ಮಾಡಿದ್ದರೆ ಮಲ್ಟಿಪ್ಲೇಯರ್ ಮುಚ್ಚಿರಬಹುದು. ಖಾತೆಯ ಸೆಟ್ಟಿಂಗ್‌ನಿಂದಾಗಿ ಆಡಲಾಗದು ಎಂಬ ಸಂದೇಶ ಬಂದರೆ ಅಪ್ಪ ಅಥವಾ ಅಮ್ಮ ತಮ್ಮ ಖಾತೆಯಿಂದ ಎಕ್ಸ್‌ಬಾಕ್ಸ್‌ನ ಪ್ರೈವಸಿ ಪುಟ ತೆರೆದು ಎರಡಕ್ಕೂ ಅನುಮತಿ ಕೊಡಬೇಕು: ಮಲ್ಟಿಪ್ಲೇಯರ್ ಆಟಕ್ಕೆ ಒಂದು, ಎಕ್ಸ್‌ಬಾಕ್ಸ್ ಜಾಲದ ಹೊರಗಿನವರ ಜೊತೆ ಆಡುವುದಕ್ಕೆ ಇನ್ನೊಂದು. ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಮರೆಯುವವರೇ ಜಾಸ್ತಿ. ಕೊಟ್ಟಮೇಲೆ ಆಟದಿಂದ ಸೈನ್ ಔಟ್ ಆಗಿ ಮತ್ತೆ ಒಳಬರಬೇಕು.

ಹೋಸ್ಟ್ ಮಾಡುವವರು ವರ್ಲ್ಡ್ ತೆರೆಯುವ ಮೊದಲೇ ಪೆನ್ಸಿಲ್ ಗುರುತು ಒತ್ತಿ, ಮಲ್ಟಿಪ್ಲೇಯರ್ ವಿಭಾಗದಲ್ಲಿ ‘ಮಲ್ಟಿಪ್ಲೇಯರ್ ಗೇಮ್’ ಆನ್ ಮಾಡಿ ‘ಫ್ರೆಂಡ್ಸ್’ ಎಂದು ಆರಿಸಬೇಕು. ಗೇಮರ್‌ಟ್ಯಾಗ್ (ಆಟದಲ್ಲಿ ಕಾಣುವ ಖಾತೆಯ ಹೆಸರು) ಹುಡುಕಿ ಕಳಿಸಿದ ಕೋರಿಕೆಯನ್ನು ಎದುರಿನವರು ಒಪ್ಪಿರಬೇಕು. ಇಷ್ಟಾದರೆ ಫ್ರೆಂಡ್ಸ್ ಪಟ್ಟಿಯಲ್ಲಿ ವರ್ಲ್ಡ್ ಕಾಣಬೇಕು. ಒಂದು ವರ್ಲ್ಡ್‌ಗೆ ಹೋಸ್ಟ್ ಸೇರಿ ಎಂಟು ಮಂದಿ.

ಕೊನೆಗೆ ರೂಟರ್

ವರ್ಲ್ಡ್ ಕಾಣುತ್ತದೆ, ಒತ್ತಿದರೆ ತುಸು ಹೊತ್ತು ತಿರುಗಿ ಹೊರದಬ್ಬುತ್ತದೆ ಎಂದಾದರೆ ಮಾತ್ರ ನೆಟ್‌ವರ್ಕ್ ನೋಡಿ. ಮನೆಯ ಸಾಧನಗಳನ್ನೆಲ್ಲ ಒಂದೇ ಹೊರ ವಿಳಾಸದ ಹಿಂದೆ ಇಡುವ ರೂಟರಿನ ಏರ್ಪಾಡಿಗೆ ನ್ಯಾಟ್ ಎನ್ನುತ್ತಾರೆ. ಎಕ್ಸ್‌ಬಾಕ್ಸ್ ನ್ಯಾಟ್ ಬಗೆಯನ್ನು ಓಪನ್, ಮಾಡರೇಟ್, ಸ್ಟ್ರಿಕ್ಟ್ ಎಂದು ತೋರಿಸುತ್ತದೆ, ಪ್ಲೇಸ್ಟೇಷನ್ 1, 2, 3 ಎಂದು. ಎರಡೂ ಕಡೆ ಸ್ಟ್ರಿಕ್ಟ್ (ಪ್ಲೇಸ್ಟೇಷನ್‌ನಲ್ಲಿ 3) ಇದ್ದರೆ ನೇರ ಸಂಪರ್ಕ ಕಷ್ಟ. ರೂಟರ್‌ನಲ್ಲಿ ಯುಪಿಎನ್‌ಪಿ (ಆಟಕ್ಕೆ ಬೇಕಾದ ದಾರಿಯನ್ನು ರೂಟರ್ ತಾನೇ ತೆರೆಯುವ ಸೌಲಭ್ಯ) ಆನ್ ಮಾಡಿ ರೀಸ್ಟಾರ್ಟ್ ಮಾಡಿದರೆ ಹಲವು ಸಲ ಅಷ್ಟಕ್ಕೇ ಮುಗಿಯುತ್ತದೆ.

ಮುಗಿಯದಿದ್ದರೆ ಒಂದು ಪರೀಕ್ಷೆ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ತೆರೆದು ರೂಟರಿನ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ) ಬರೆದುಕೊಳ್ಳಿ. ‘ವಾಟ್ ಈಸ್ ಮೈ ಐಪಿ’ ಎಂದು ಹುಡುಕಿದಾಗ ಬರುವುದನ್ನು ಅದರ ಪಕ್ಕ ಇಡಿ. ಎರಡೂ ಬೇರೆಯಾಗಿದ್ದು, ವ್ಯಾನ್ ಐಪಿ 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಸಿಜಿ-ನ್ಯಾಟ್ ಹಿಂದಿದ್ದೀರಿ: ಒಂದೇ ಹೊರ ವಿಳಾಸ, ಅದರ ಹಿಂದೆ ಹತ್ತಾರು ಮನೆ. ಆಗ ಪೋರ್ಟ್ ಫಾರ್ವರ್ಡ್ ಮಾಡುತ್ತ (ಹೊರಗಿನಿಂದ ಆಟಕ್ಕೆ ಬರುವ ದಾರಿಯನ್ನು ರೂಟರ್‌ನಲ್ಲಿ ಕೈಯಾರೆ ತೆರೆಯುತ್ತ) ಕೂರುವುದು ವ್ಯರ್ಥ. ಹೋಸ್ಟ್ ಯಾರೆಂಬುದನ್ನು ಬದಲಿಸಿ ನೋಡಿ. ಇಲ್ಲವೇ ಮಾಸಿಕ ಶುಲ್ಕದ ರೆಲ್ಮ್ಸ್ ತೆಗೆದುಕೊಳ್ಳಿ. ಅಲ್ಲಿ ವರ್ಲ್ಡ್ ಇರುವುದು ಸರ್ವರ್‌ನಲ್ಲಿ, ಹೋಸ್ಟ್ ಮಲಗಿದರೂ ಉಳಿದವರು ಆಡಬಹುದು.

ಎಲ್ಲರೂ ಪಿಸಿಯಲ್ಲಿ ಜಾವಾ ಆಡುವವರಾದರೆ ಖರ್ಚಿಲ್ಲದ ದಾರಿಯಿದೆ. ದೂರದ ಯಂತ್ರಗಳನ್ನು ಒಂದೇ ಖಾಸಗಿ ಜಾಲದಲ್ಲಿ ಕೂಡಿಸುವ ಟೇಲ್‌ಸ್ಕೇಲ್ ತಂತ್ರಾಂಶ ಹಾಕಿಕೊಂಡು ಒಂದೇ ಜಾಲಕ್ಕೆ ಸೇರಿ. ಹೋಸ್ಟ್ ‘ಓಪನ್ ಟು ಲ್ಯಾನ್’ ಒತ್ತಿದಾಗ ಚಾಟ್‌ನಲ್ಲಿ ಪೋರ್ಟ್ ಸಂಖ್ಯೆ ಬರುತ್ತದೆ. ಉಳಿದವರು ‘ಡೈರೆಕ್ಟ್ ಕನೆಕ್ಷನ್’ನಲ್ಲಿ ಹೋಸ್ಟ್‌ನ ಟೇಲ್‌ಸ್ಕೇಲ್ ಐಪಿ, ಅದರ ಮುಂದೆ ಕೋಲನ್, ಆಮೇಲೆ ಆ ಸಂಖ್ಯೆ ಹಾಕಬೇಕು. (ಟೇಲ್‌ಸ್ಕೇಲ್ ವಿಳಾಸವೂ 100ರಿಂದಲೇ ಶುರುವಾಗುತ್ತದೆ. ಮೇಲಿನ ಪರೀಕ್ಷೆಯ ಜೊತೆ ಕಲಸಿಕೊಳ್ಳಬೇಡಿ.) ಇದೂ ಕೂಡದಿದ್ದರೆ ವಿಂಡೋಸ್ ಫೈರ್‌ವಾಲ್ ಪಟ್ಟಿಯಲ್ಲಿ ‘ಓಪನ್‌ಜೆಡಿಕೆ ಪ್ಲಾಟ್‌ಫಾರ್ಮ್ ಬೈನರಿ’ ಎಂಬ ಸಾಲು ಹುಡುಕಿ, ಪ್ರೈವೇಟ್ ಮತ್ತು ಪಬ್ಲಿಕ್ ಎರಡಕ್ಕೂ ಟಿಕ್ ಹಾಕಿ. ಮೊದಲ ಸಲ ಕೇಳಿದಾಗ ಕ್ಯಾನ್ಸಲ್ ಒತ್ತಿದವರ ಪಾಡು ಇದು.

ಒಂದೇ ಮನೆಯಲ್ಲಿ, ಒಂದೇ ವೈಫೈನಲ್ಲಿದ್ದೂ ಕಾಣದಿದ್ದರೆ ಯಾರೋ ಒಬ್ಬರು ಅದೇ ರೂಟರಿನ ಗೆಸ್ಟ್ ನೆಟ್‌ವರ್ಕ್‌ನಲ್ಲಿರಬಹುದು. ಹಾಸ್ಟೆಲ್ ಮತ್ತು ಪಿಜಿ ವೈಫೈಗಳಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ಬೇಕೆಂದೇ ಮಾಡಿರುತ್ತಾರೆ. ಅಲ್ಲಿ ಒಬ್ಬರ ಫೋನಿನ ಹಾಟ್‌ಸ್ಪಾಟ್‌ಗೆ ಎಲ್ಲರೂ ಬಂದರೆ ಕೆಲಸ ಆಗುತ್ತದೆ.

ಹೋಸ್ಟ್ ಯಾರಾಗಬೇಕು? ಡೌನ್‌ಲೋಡ್ ವೇಗ ನೋಡಬೇಡಿ, ಅಪ್‌ಲೋಡ್ ನೋಡಿ. ಫೋನಿಗಿಂತ ಲ್ಯಾಪ್‌ಟಾಪ್ ವಾಸಿ. ಫೋನೇ ಗತಿಯಾದರೆ ಸಿಮ್ಯುಲೇಷನ್ ಡಿಸ್ಟೆನ್ಸ್ (ಆಟಗಾರನ ಸುತ್ತ ಎಷ್ಟು ದೂರದವರೆಗೆ ಲೋಕ ನಡೆಯುತ್ತಿರಬೇಕು ಎಂಬ ಸೆಟ್ಟಿಂಗ್) 4 ಚಂಕ್‌ಗೆ, ಅಂದರೆ ಲೋಕದ ನಾಲ್ಕು ತುಂಡುಗಳಷ್ಟು ದೂರಕ್ಕೆ, ಇಳಿಸಿ. ವರ್ಲ್ಡ್ ಇರುವುದು ಹೋಸ್ಟ್‌ನ ಸಾಧನದಲ್ಲಿ ಮಾತ್ರ. ಕ್ರಾಸ್‌ಪ್ಲೇ ಇದೆ ಎಂದಮಾತ್ರಕ್ಕೆ ಅದು ಎಲ್ಲರ ಯಂತ್ರಕ್ಕೂ ತಾನಾಗಿ ನಕಲಾಗುವುದಿಲ್ಲ. ವಾರಕ್ಕೊಮ್ಮೆ ‘ಎಕ್ಸ್‌ಪೋರ್ಟ್ ವರ್ಲ್ಡ್’ ಒತ್ತಿ ಫೈಲನ್ನು ಡ್ರೈವ್‌ಗೆ ಹಾಕಿಡಿ. ಪ್ಲೇಸ್ಟೇಷನ್‌ನಲ್ಲಿ ಈ ಸೌಲಭ್ಯವಿಲ್ಲ, ಹಾವೇರಿಯವನನ್ನು ಹೋಸ್ಟ್ ಮಾಡದಿರಲು ಇದೂ ಒಂದು ಕಾರಣ.

ಸಂಜೆ ಕರೆಂಟ್ ಹೋದರೆ ಹೋಸ್ಟ್‌ನ ರೂಟರ್ ಆರುತ್ತದೆ, ಉಳಿದವರೂ ಒಮ್ಮೆಲೇ ಹೊರಬೀಳುತ್ತಾರೆ. ರೂಟರಿಗೊಂದು ಮಿನಿ ಯುಪಿಎಸ್ ಹಾಕಬಹುದು. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲಿನ ಬರಹ ಓದಿ: 12 ವೋಲ್ಟ್ ಎಂದಿದ್ದರೆ ಯುಪಿಎಸ್ಸೂ 12 ವೋಲ್ಟಿನದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು. ಫೈಬರ್ ಡಬ್ಬಿ ಬೇರೆ, ರೂಟರ್ ಬೇರೆ ಇರುವ ಮನೆಯಲ್ಲಿ ಎರಡಕ್ಕೂ ಬೇಕು.